ಕಾಗೆ ಕಲಿಸಿದ ಕೆಲಸ

ಕೈ ನಡುಗಲು ಶುರುವಾದ ವರ್ಷ ನಾನು ಕೆಲಸ ಬಿಟ್ಟೆ. ಹೆಣಕ್ಕೆ ನೀರು ಹಾಕುವ ಕೈ ನಡುಗಬಾರದು. ತಂಬಿಗೆ ಜಾರಿ ಮೈಮೇಲೆ ಬಿದ್ದರೆ ಸತ್ತವರಿಗೂ ನೋಯುತ್ತದೆ ಎಂದು ಹೇಳಿಸಿಕೊಂಡು ಕೆಲಸ ಕಲಿತವಳು ನಾನು.

ಯಾರಾದರೂ ಕೇಳಿದರೆ ನಾನು ಮನೆ ನೋಡಿಕೊಂಡಿದ್ದ ಹೆಂಗಸು ಎಂದೇ ಹೇಳುತ್ತೇನೆ. ಸುಳ್ಳಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಕರೆ ಬಂದರೆ ಪಾತ್ರೆ ಇಳಿಸಿ, ಕೆಂಡಕ್ಕೆ ಬೂದಿ ಮುಚ್ಚಿ ಹೊರಡುತ್ತಿದ್ದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಜನರ ಮನೆಗಳಿರುವ ಊರುಗಳಿಗೆಲ್ಲ ಗಾಡಿಯಲ್ಲೋ ಬಸ್ಸಿನಲ್ಲೋ ಹೋಗಿ, ತೀರಿಕೊಂಡ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸಿ, ಬಿಳಿ ಬಟ್ಟೆ ಸುತ್ತಿ ಕಳಿಸುವುದು ನನ್ನ ಪಾಲಿಗೆ ಬಂದ ಕೆಲಸ. ಸ್ನಾನಕ್ಕೆ ನಾವು ಗುಸ್ಲ್ ಎನ್ನುತ್ತೇವೆ, ಬಟ್ಟೆಗೆ ಕಫನ್. ಇದರಲ್ಲಿ ಸಂಬಳವಿಲ್ಲ, ಬಡ್ತಿಯಿಲ್ಲ. ಮೆಚ್ಚಿಕೊಳ್ಳಬೇಕಾದವರು ಮಾತಾಡುವ ಸ್ಥಿತಿಯಲ್ಲೂ ಇರುವುದಿಲ್ಲ.

ಈಗ ನಮ್ಮ ಮೊಹಲ್ಲಾದ ಮೂರು ನಾಲ್ಕು ಹೆಣ್ಣುಮಕ್ಕಳು ಈ ಕೆಲಸ ಕಲಿಯಬೇಕು ಎಂದು ಬರುತ್ತಿದ್ದಾರೆ. ಎಷ್ಟು ಸಲ ನೀರು, ಯಾವ ಕಡೆಯಿಂದ ಮೊದಲು, ಇವೆಲ್ಲ ಅಚ್ಚಾದ ಪುಸ್ತಕದಲ್ಲಿವೆ. ಅದರಲ್ಲಿ ಇಲ್ಲದ್ದನ್ನು ನಾನು ಬರೆದಿಡುತ್ತೇನೆ. ಮನೆಯಲ್ಲಿ ನಮ್ಮ ಮಾತು ಬೇರೆ. ಆದರೆ ಅಕ್ಷರ ಕಲಿತದ್ದು ಕನ್ನಡ ಶಾಲೆಯಲ್ಲಿ, ನಾಲ್ಕನೇ ಕ್ಲಾಸಿನವರೆಗೆ. ಹಾಗಾಗಿ ಕನ್ನಡದಲ್ಲೇ ಬರೆಯುತ್ತೇನೆ.

ನಾನು ಈ ಕೆಲಸಕ್ಕೆ ಬಂದದ್ದು ನನ್ನ ಮಗನ ದೆಸೆಯಿಂದ. ನಮ್ಮವರು ಹುಣಸೂರಿನ ಮರದ ಡಿಪೋದಲ್ಲಿ ದಿಮ್ಮಿ ಕೊಯ್ಯುತ್ತಿದ್ದರು. ಮದುವೆಯಾಗಿ ಆರು ವರ್ಷಕ್ಕೆ ಒಬ್ಬನೇ ಮಗ, ಯೂಸುಫ್. ಮೂರು ತುಂಬಿದ ಮೇಲೆ ಜ್ವರ ಬಂತು, ಐದನೆಯ ದಿನ ಹೋದ. ಐವತ್ತರ ದಶಕ ಇನ್ನೂ ಶುರುವಾಗಿತ್ತಷ್ಟೆ. ಅವನನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನಿಂದ ಕೂತಿದ್ದೆ. ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಸುತ್ತ ಇದ್ದವರೆಲ್ಲ ಅಳುತ್ತಿದ್ದರೇ ಹೊರತು ಒಬ್ಬರೂ ಕೈ ಮುಂದೆ ಮಾಡಲಿಲ್ಲ. ಬಡೀ ಬೀ ಬಂದರು. ಊರಿನಲ್ಲಿ ಆಗ ಗುಸ್ಲ್ ಮಾಡಿಸುತ್ತಿದ್ದ ಮುದುಕಿ ಅವರು. ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡರು. ಮುಗಿಸಿ ಹೋಗುವಾಗ ನನ್ನ ತಲೆಯ ಮೇಲೆ ಒದ್ದೆ ಕೈ ಇಟ್ಟು, "ನಲವತ್ತು ದಿನ ಆಗಲಿ. ಆಮೇಲೆ ನನ್ನ ಹತ್ತಿರ ಬಾ. ನೀರು ಹಿಡಿಯೋಕೆ ಒಬ್ಬಳು ಬೇಕು" ಎಂದರು.

ಹೋದೆ. ಮನೆಯಲ್ಲಿ ಕೈಗೆ ಕೆಲಸ ಇರಲಿಲ್ಲವಲ್ಲ.

ಮೊದಲ ತಪ್ಪನ್ನು ಪಿರಿಯಾಪಟ್ಟಣದಲ್ಲಿ ಮಾಡಿದೆ. ಬೋರೆ ಎಲೆ ಹಾಕಿ ನೀರು ಕಾಯಿಸುವುದು ನನ್ನ ಪಾಲು. ಚಳಿಗಾಲ, ಸತ್ತವಳು ವಯಸ್ಸಾದವಳು, ಚೆನ್ನಾಗಿ ಬಿಸಿಯಾಗಲಿ ಎಂದು ಹಂಡೆ ಕುದಿಸಿ ತಂದಿಟ್ಟೆ. ಬಡೀ ಬೀ ನೀರಿಗೆ ಮೊಣಕೈ ಅದ್ದಿ ನೋಡಿ ಹಂಡೆ ಪಕ್ಕಕ್ಕೆ ಸರಿಸಿದರು. ಮಗನಿಗೆ ಹಿಂಗೇ ಕಾಯಿಸಿ ಹಾಕ್ತಿದ್ದೆಯಾ ಎಂದು ಕೇಳಿದರು. ನಾನು ಅಲ್ಲೇ ಅತ್ತೆ. ಅಳೋದಾದರೆ ಗೋಡೆ ಕಡೆ ತಿರುಗು, ಹೆಣದ ಮೇಲೆ ಕಣ್ಣೀರು ಬೀಳಬಾರದು ಎಂದರು. ಅಂಥವರು. ಹೊಗಳಿದ್ದು ನಾನು ಕೇಳಿಲ್ಲ. ಆದರೆ ಆವತ್ತಿನಿಂದ ಮೊಣಕೈ ಅದ್ದದೆ ಯಾರ ಮೈಗೂ ನೀರು ಹಾಕಿಲ್ಲ. ಈಗ ನಲ್ಲಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಹಾಕುತ್ತಾರಂತೆ. ಹಾಕಿ, ಬೇಡ ಅನ್ನುವುದಿಲ್ಲ. ಮೊದಲು ನಿಮ್ಮ ಮೊಣಕೈಗೆ ಹಿಡಿದುಕೊಳ್ಳಿ.

ಅವರ ಇನ್ನೊಂದು ಕಟ್ಟಳೆ, ಮೈಮೇಲೆ ಕಂಡದ್ದು ಬಾಯಿಗೆ ಬರಕೂಡದು. ಮಚ್ಚೆಯಿರಲಿ, ಬರೆಯಿರಲಿ, ಬಾಸುಂಡೆಯಿರಲಿ, ಪರದೆಯೊಳಗೆ ಕಂಡದ್ದು ಪರದೆಯೊಳಗೇ. ಆ ಕಟ್ಟಳೆ ಮುರಿಯದೆ ಬರೆಯುತ್ತಿದ್ದೇನೆ. ಹಾಗಾಗಿ ಎಷ್ಟೋ ಸಂಗತಿಗಳು ಇಲ್ಲಿ ಇಲ್ಲ.

ಒಂಟಿತನದ ಮಾತನ್ನೂ ಹೇಳಿಬಿಡುತ್ತೇನೆ, ಗೊತ್ತಿಲ್ಲದೆ ಬಂದು ಆಮೇಲೆ ನೊಂದುಕೊಳ್ಳಬೇಡಿ. ಈ ಕೆಲಸಕ್ಕೆ ಸೇರಿದ ಮೇಲೆ ನನ್ನ ಹೆಸರು ಹಿಡಿದು ಕರೆಯುವವರು ಇಲ್ಲವಾದರು. 'ನೀರು ಹಾಕುವವಳು' ಅಂದರೆ ನಾನೇ. ನಮ್ಮವರಂತೂ ಮೊದಲಿನಿಂದ "ಇವಳೇ" ಅನ್ನುವವರು. ಬಾಣಂತಿಯ ಮನೆಗೆ ಹೋದರೆ ಕೂಸನ್ನು ಬೇರೆಯವರ ಮಡಿಲಿಗೆ ಕೊಟ್ಟು ನನಗೆ ತೋರಿಸುತ್ತಿದ್ದರು, ಹತ್ತಿರ ತರುತ್ತಿರಲಿಲ್ಲ. ಹೆಗ್ಗಡದೇವನಕೋಟೆ ಕಡೆಯ ಒಂದು ಹಳ್ಳಿಯಲ್ಲಿ ಅತ್ತೆಗೆ ಸ್ನಾನ ಮಾಡಿಸಿ ಬಂದವಳನ್ನು ಸೊಸೆ ಕೊಟ್ಟಿಗೆಯಲ್ಲಿ ಕೂರಿಸಿ ಊಟ ಬಡಿಸಿದಳು. ಕೋಪವಿಲ್ಲ. ಅವಳು ಬಸುರಿ, ಭಯ. ಕೊಟ್ಟಿಗೆಯ ಎಮ್ಮೆ ಬಂದು ನನ್ನ ಭುಜ ನೆಕ್ಕಿತು. ಆ ದಿನದ ದಯೆ ಅಷ್ಟು, ಎಣಿಸಿಕೊಂಡೆ. ಮಲಗುವ ಮುಂಚೆ ಆ ದಿನ ಅಲ್ಲಾಹ್ ಕೊಟ್ಟದ್ದನ್ನು ಬೆರಳಿನಲ್ಲಿ ಎಣಿಸುವುದು ನನ್ನ ರೂಢಿ. ಒಂದು ಬೆರಳೂ ಮಡಚದೆ ಮಲಗಿದ ದಿನ ಇಲ್ಲ.

ಇಂಥ ದಿನಗಳಲ್ಲೇ ರಾಹೇಲಮ್ಮ ನಮ್ಮ ಪಕ್ಕದ ಮನೆಗೆ ಬಂದದ್ದು.

ಅವರು ಯೆಹೂದಿಗಳು, ಕೊಚ್ಚಿಯ ಕಡೆಯವರು. ಒಬ್ಬನೇ ಮಗ ಯೋಸೇಫ, ಮೂವತ್ತರ ಆಸುಪಾಸು. ಮರದ ವ್ಯಾಪಾರಿಯೊಬ್ಬರ ಪರವಾಗಿ ದಿಮ್ಮಿ ಆರಿಸಿ, ಗುರುತು ಹಾಕಿ, ಲಾರಿಗೆ ಹೇರಿಸುವುದು ಅವನ ಕೆಲಸ. ಹತ್ತು ವರ್ಷ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿದ್ದು ಆಮೇಲೆ ಹುಣಸೂರಿಗೆ ಬಂದಿದ್ದರು. ಆದ್ದರಿಂದ ಕನ್ನಡ ಬರುತ್ತಿತ್ತು, ನಡುನಡುವೆ ಮಲಯಾಳ ಸೇರುತ್ತಿತ್ತು. ನನ್ನನ್ನು ಮೊದಲ ದಿನವೇ "ಮೋಳೆ" ಎಂದು ಕರೆದರು. ಮಗಳೇ ಎಂದರ್ಥ. ಆಮೇಲೆ "ಅಲ್ಲ, ನಿಂಗೆ ಒಂದು ಹೆಸರು ಇರಬೇಕಲ್ಲ" ಎಂದು ಹೆಸರು ಕೇಳಿದರು. ಹೇಳಿದೆ. ನನ್ನ ಬಾಯಿಗೇ ಅದು ಹೊಸದಾಗಿ ಕೇಳಿಸಿತು.

ಅವರಿಗೆ ಒಂದು ಕಾಲು ಆನೆಕಾಲು. ಬೀದಿಗೆಲ್ಲ ಕಾಣುತ್ತಿದ್ದದ್ದು, ಹಾಗಾಗಿ ಬರೆಯಬಹುದು. ನೀರು ಸೇದಲು ಆಗುತ್ತಿರಲಿಲ್ಲ. ಶನಿವಾರ ಅವರ ಧರ್ಮದಲ್ಲಿ ಬೆಂಕಿ ಹೊತ್ತಿಸುವಂತಿಲ್ಲ. ಮೊದಲ ಶನಿವಾರ ಬಾಗಿಲಲ್ಲಿ ನಿಂತು, ಚಳಿ ಜಾಸ್ತಿ ಅಲ್ಲವಾ, ಒಲೆ ಹತ್ತಿದ್ದರೆ ಚೆನ್ನಾಗಿತ್ತು ಎಂದು ಗಾಳಿಗೆ ಹೇಳುವವರ ಹಾಗೆ ಹೇಳಿದರು. ಹೊತ್ತಿಸು ಎಂದು ಬಾಯಿಬಿಟ್ಟು ಹೇಳುವ ಹಾಗೂ ಇಲ್ಲವಂತೆ. ನಾನು ಹೋಗಿ ಒಲೆ ಹೊತ್ತಿಸಿದೆ. ಮುಂದೆ ಮೂರು ವರ್ಷ ಪ್ರತಿ ಶನಿವಾರ ಹೊತ್ತಿಸಿದೆ. ನನ್ನ ಶುಕ್ರವಾರ ಮುಗಿಯುವ ಹೊತ್ತಿಗೆ ಅವರ ಶನಿವಾರ ದೀಪ ಹಚ್ಚಿಕೊಂಡು ಶುರುವಾಗುತ್ತಿತ್ತು. ಪ್ರಾರ್ಥನೆಗೆ ಇಬ್ಬರೂ ಪಡುವಣಕ್ಕೇ ತಿರುಗುತ್ತಿದ್ದೆವು. ನಮ್ಮದು ಮಕ್ಕಾ, ಅವರದು ಇನ್ನೊಂದು ಊರು. ಇಷ್ಟು ದೂರದಿಂದ ನೋಡಿದರೆ ಎರಡೂ ಅಕ್ಕಪಕ್ಕದ ಬೀದಿಗಳು ಎಂದು ರಾಹೇಲಮ್ಮ ನಗುತ್ತಿದ್ದರು.

ನಾನು ಹೆಣ ತೊಳೆಯುವವಳು ಎಂದು ಗೊತ್ತಾದ ದಿನ ಅವರು ದೂರ ಸರಿಯಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು, ತಿರುಗಿಸಿ ನೋಡಿ, ಒಳ್ಳೇ ಕೈ ಎಂದರು. ಅವರ ಊರಿನಲ್ಲಿ ಈ ಕೆಲಸ ಮಾಡುವವರಿಗೆ ದೊಡ್ಡ ಮರ್ಯಾದೆಯಂತೆ. ಸತ್ತವರು ತಿರುಗಿ ಉಪಕಾರ ಮಾಡಲಾರರು, ಅದಕ್ಕೇ ಇದಕ್ಕಿಂತ ನಿಜವಾದ ಉಪಕಾರ ಇಲ್ಲ ಎಂದು ಅವರ ಹಿರಿಯರ ಮಾತಂತೆ.

ಹಿತ್ತಲ ಜಗಲಿಯಲ್ಲಿ ಕೂತು ಇಬ್ಬರೂ ಕಥೆ ಹೇಳಿಕೊಳ್ಳುತ್ತಿದ್ದೆವು. ನನ್ನವು ನಮ್ಮ ಕುರಾನಿನಿಂದ ತಾಯಿ ಹೇಳಿಕೊಟ್ಟವು. ಅವರವು ಅವರ ಅಜ್ಜ ಹೇಳಿದವು. ಆದಮನಿಂದ ಹಿಡಿದು ಮೂಸಾವರೆಗೆ ಎಲ್ಲರೂ ಇಬ್ಬರ ಮನೆಯಲ್ಲೂ ಇದ್ದರು. ಹೆಸರು ಸ್ವಲ್ಪ ತಿರುಚಿಕೊಂಡಿದ್ದವು, ಅಷ್ಟೆ. ಯೂಸುಫನ ಚೆಲುವು ನೋಡಿ ಊರ ಹೆಂಗಸರು ಮೈಮರೆತು ಚಾಕುವಿನಿಂದ ಬೆರಳು ಕೊಯ್ದುಕೊಂಡ ಕಥೆಯನ್ನು ನಾನು ಶುರುಮಾಡಿದರೆ ಅವರು ಮುಗಿಸಿದರು. ಹೆಂಗಸರು ಕೊಯ್ಯುತ್ತಿದ್ದದ್ದು ಏನು ಎಂದು ನನ್ನ ತಾಯಿ ಹೇಳಿರಲಿಲ್ಲ. ರಾಹೇಲಮ್ಮ, ಮಾದಲಹಣ್ಣು ಎಂದರು, ಪಕ್ಕದಲ್ಲೇ ನಿಂತು ಕಂಡವರ ಹಾಗೆ. ನಿಮ್ಮ ಮಗನಿಗೂ ಅದೇ ಹೆಸರಲ್ಲವೇ ಎಂದೆ. "ನನ್ನ ಹೆಸರು ರಾಹೇಲ್. ನಮ್ಮ ಕಥೇಲಿ ಅವನ ಅಮ್ಮನ ಹೆಸರೂ ರಾಹೇಲ್. ಮತ್ತೆ ಮಗನಿಗೆ ಮಾದಪ್ಪ ಅಂತ ಇಡಲಾ ಮೋಳೆ?" ಎಂದರು. ಆವತ್ತು ನನ್ನ ಯೂಸುಫನ ಹೆಸರನ್ನು ಮೂರು ವರ್ಷದ ಮೇಲೆ ಮೊದಲ ಸಲ ಬಾಯಿಬಿಟ್ಟು ಹೇಳಿದೆ.

ಕಾಗೆಯ ಕಥೆ ಬಂದದ್ದು ಅದಾದ ಮೇಲೆ. ಬೇಲಿಯ ಮೇಲೆ ಒಂದು ಕಾಗೆ ಕೂತಿತ್ತು. ನಾವು ಇದಕ್ಕೆ ಋಣಿಗಳು ಎಂದು ನಾನು ನಮ್ಮ ಕಥೆ ಹೇಳಿದೆ. ಆದಮನ ಒಬ್ಬ ಮಗ ಇನ್ನೊಬ್ಬನನ್ನು ಕೊಂದ. ಭೂಮಿಯ ಮೇಲೆ ಅದೇ ಮೊದಲ ಸಾವು. ಹೆಣವನ್ನು ಏನು ಮಾಡಬೇಕೆಂದು ಕೊಂದವನಿಗೆ ತಿಳಿಯಲಿಲ್ಲ. ಅಲ್ಲಾಹ್ ಒಂದು ಕಾಗೆ ಕಳಿಸಿದ, ಅದು ನೆಲ ಕೆದಕಿ ತೋರಿಸಿತು. ಈ ಕಾಗೆಯಷ್ಟೂ ಬುದ್ಧಿ ನನಗಿಲ್ಲವಾಯಿತೇ ಎಂದು ಅವನು ಹಲುಬಿದ.

ರಾಹೇಲಮ್ಮ ಬೇಲಿಯ ಕಡೆ ತಿರುಗಿ ಕಾಗೆಯನ್ನು ನೋಡಿದರು. "ನಮ್ಮಲ್ಲೂ ಕಾಗೆ ಬಂತು ಮೋಳೆ. ಆದರೆ ಕೊಂದವನ ಹತ್ತಿರ ಅಲ್ಲ. ಅಪ್ಪ ಅಮ್ಮನ ಹತ್ತಿರ."

ಅವರ ಕಥೆಯಲ್ಲಿ ಆದಮ ಹವ್ವಾ ಇಬ್ಬರೂ ಸತ್ತ ಮಗನ ಪಕ್ಕ ಕೂತು ಅಳುತ್ತಿದ್ದರು. ಅದುವರೆಗೆ ಯಾರೂ ಸತ್ತಿರಲಿಲ್ಲ, ಏನು ಮಾಡಬೇಕೆಂದು ಹೇಳಿಕೊಡುವ ಹಿರಿಯರೂ ಇರಲಿಲ್ಲ. ಆಗ ತನ್ನ ಜೊತೆಯ ಹಕ್ಕಿಯನ್ನು ಕಳೆದುಕೊಂಡ ಒಂದು ಕಾಗೆ ಅವರ ಕಣ್ಣೆದುರೇ ಮಣ್ಣು ಕೆದಕಿ ಅದನ್ನು ಹೂಳಿತು. ಆದಮ, "ಅದು ಮಾಡಿದ್ದು ನೋಡಿ ನಾನೂ ಮಾಡುತ್ತೇನೆ" ಎಂದು ಎದ್ದ. ಆ ಉಪಕಾರಕ್ಕೆ ಕಾಗೆಗೆ ಒಂದು ಕೂಲಿ ಸಿಕ್ಕಿತಂತೆ. ಕಾಗೆಮರಿ ಹುಟ್ಟುವಾಗ ಬೆಳ್ಳಗಿರುತ್ತದೆ, ತಾಯಿತಂದೆ ಹೆದರಿ ಬಿಟ್ಟುಹೋಗುತ್ತವೆ, ಆಗ ದೇವರೇ ಅದಕ್ಕೆ ಉಣಿಸುತ್ತಾನೆ. ಯಾರೂ ಹತ್ತಿರ ಬರದ ಮರಿಗೂ ಊಟ ತಪ್ಪುವುದಿಲ್ಲ.

ನಮ್ಮ ಕಥೆಯಲ್ಲಿ ಹವ್ವಾ ಆವತ್ತು ಎಲ್ಲಿದ್ದಳು ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಈಗ ಕಣ್ಣಿಗೆ ಕಂಡಳು, ಮಗನನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನಿಂದ ಕೂತಿದ್ದವಳು. ನನಗೆ ನನ್ನ ಕುರಾನಿನ ಮಾತೇ ಮಾತು, ಅದರಲ್ಲಿ ಎರಡಿಲ್ಲ. ಆದರೂ ಆವತ್ತು ಬೆರಳು ಎಣಿಸುವಾಗ ರಾಹೇಲಮ್ಮನ ಕಾಗೆಗೂ ಒಂದು ಬೆರಳು ಮಡಚಿದೆ.

ಆ ವರ್ಷಗಳಲ್ಲಿ ಕೊಚ್ಚಿಯ ಅವರ ಜನರೆಲ್ಲ ಗುಂಪುಗುಂಪಾಗಿ ತಮ್ಮ ಪುಣ್ಯಭೂಮಿಗೆ ಹೊರಡುತ್ತಿದ್ದರು. ರಾಹೇಲಮ್ಮನ ತಂಗಿಯ ಮನೆಯವರು ಹೋದರು, ಆಮೇಲೆ ಬೀದಿಗೆ ಬೀದಿಯೇ ಹೋಯಿತು. ಹೊರಡುವವರನ್ನು ಪರೀಕ್ಷಿಸುವ ವೈದ್ಯರು ಆನೆಕಾಲಿನವರನ್ನು ತಡೆಯುತ್ತಿದ್ದರಂತೆ. ರಾಹೇಲಮ್ಮ ಹೋಗುವಂತಿಲ್ಲ. ಅವರನ್ನು ಬಿಟ್ಟು ಯೋಸೇಫ ಹೋಗುವುದಿಲ್ಲ. ಮುಂದೆ ಮಗನಿಗೆ ಹೆಣ್ಣು ಕೊಡುವವರೂ ಈ ದೇಶದಲ್ಲಿ ಉಳಿಯುವುದಿಲ್ಲ ಎಂದು ಅವರಿಗೆ ಚಿಂತೆ. ಎದೆನೋವು ಶುರುವಾದ ಮೇಲೆ ಒಂದು ದಿನ ನನ್ನನ್ನು ಕೂರಿಸಿಕೊಂಡು, ತಾವು ಹೋದರೆ ತೊಳೆಯಲು ತಮ್ಮ ಜನ ಯಾರೂ ಇಲ್ಲ, ನೀನೇ ತೊಳೆಯಬೇಕು ಎಂದರು.

ಅವರ ಪದ್ಧತಿ ಕೇಳಿದೆ. ಮೈ ಮುಚ್ಚಿಯೇ ತೊಳೆಯಬೇಕು, ನಮ್ಮಲ್ಲೂ ಹಾಗೇ. ಬಲಗಡೆ ಮೊದಲು, ನಮ್ಮಲ್ಲೂ ಹಾಗೇ. ಬಿಳಿ ಬಟ್ಟೆ, ಬಡವ ಬಲ್ಲಿದನಿಗೆ ಒಂದೇ, ನಮ್ಮಲ್ಲೂ ಹಾಗೇ. ಬೇರೆಯಾಗಿದ್ದವು ಎರಡೇ. ಮೊದಲನೆಯದು, ಮುಗಿದ ಮೇಲೆ ಸತ್ತವರನ್ನು ಹೆಸರು ಹಿಡಿದು ಕರೆದು, ನನ್ನ ಕೈಯಿಂದ ತಪ್ಪಾಗಿದ್ದರೆ ಕ್ಷಮಿಸು ಎಂದು ಕೇಳಬೇಕು. "ಗೊತ್ತಾಗದೆ ಮಾಡಿದ ತಪ್ಪಿಗೂ ಸೇರಿಸಿ ಕೇಳು ಮೋಳೆ. ಆಮೇಲೆ ಕೇಳೋಕೆ ನಾನು ಇರಲ್ಲ" ಎಂದರು.

ಎರಡನೆಯದು ಗಂಟು. ಟ್ರಂಕಿನಿಂದ ತಮ್ಮ ಬಟ್ಟೆ ತೆಗೆದು ತೋರಿಸಿದರು, ತಾವೇ ಹೊಲಿದದ್ದು. ಅಂಗಿ, ಇಜಾರ, ತಲೆಗೆ ಟೋಪಿ, ಎಲ್ಲದರ ಮೇಲೆ ಸುತ್ತುವ ದೊಡ್ಡ ಹೊದಿಕೆ. ಹೊಲಿದ ದಾರದ ತುದಿಗೂ ಗಂಟಿರಲಿಲ್ಲ. "ಎಲ್ಲೂ ಗಂಟು ಹಾಕಬೇಡ. ಗಂಟು ಹಾಕಿದರೆ ಹೋಗುವವಳನ್ನು ಹಿಡಿದ ಹಾಗೆ. ನಾನು ಹೋಗಬೇಕು. ನಾನು ಹೋದರೆ ತಾನೇ ಅವನು ಹೋಗೋದು?"

ಮಾತು ಕೊಟ್ಟೆ. ಕೊಟ್ಟ ಮೇಲೆ ಹೆದರಿಕೆಯಾಯಿತು, ಬೇರೆ ಧರ್ಮದವರ ಹೆಣ, ಪಾಪ ಬಂದೀತೇ ಎಂದು. ಬಡೀ ಬೀಗೆ ಆಗ ಕಣ್ಣು ಕಾಣುತ್ತಿರಲಿಲ್ಲ, ಮಂಚ ಹಿಡಿದಿದ್ದರು. ಹೋಗಿ ಕೇಳಿದೆ. ಅವರು ಗೋಡೆ ಕಡೆ ಮುಖ ಮಾಡಿಕೊಂಡೇ, "ಕೊಂದವನಿಗೇ ಕಾಗೆ ಕಲಿಸಿತು. ನೀನು ಯಾರು ಏನು ಅಂತ ಅದು ಕೇಳಿತ್ತಾ?" ಎಂದರು. ಅಷ್ಟೇ.

ರಾಹೇಲಮ್ಮ ಒಂದು ಭಾನುವಾರ ಬೆಳಿಗ್ಗೆ ತೀರಿಕೊಂಡರು. ಹಿಂದಿನ ದಿನ ನಾನು ಹೊತ್ತಿಸಿದ ಒಲೆಯಲ್ಲಿ ಇನ್ನೂ ಬೂದಿ ಬೆಚ್ಚಗಿತ್ತು.

ಹೆಣ ಮಲಗಿಸುವ ಹಲಗೆ ಮಸೀದಿಯದು. ಕೇಳಲು ನಮ್ಮವರು ಮುತವಲ್ಲಿಗಳ ಹತ್ತಿರ ಹೋದರು, ಮಸೀದಿಯ ಆಡಳಿತ ನೋಡುವ ಹಿರಿಯರು ಅವರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಹಲಗೆ, ಹೆಣ ಹೊರುವ ಡೋಲಿ, ಖಬರಸ್ಥಾನದ ಜಾಗ, ಇವು ಮೊಹಲ್ಲಾದವರೆಲ್ಲ ಸೇರಿ ಮಾಡಿಕೊಂಡದ್ದು, ಒಬ್ಬನೇ ಕೊಡುವ ಹಕ್ಕು ತನಗಿಲ್ಲ ಎಂದರು ಮುತವಲ್ಲಿಗಳು. ಆಮೇಲೆ ನನ್ನ ಕಡೆ ನೋಡದೆ ನನಗೆಂದೇ, "ಹಲಗೆ ಮಸೀದಿದು ಮಗಳೇ. ಕೈ ನಿನ್ನದು" ಎಂದರು. ಅವರ ಮೇಲೂ ನನಗೆ ಸಿಟ್ಟಿಲ್ಲ. ಕೈ ಬಿಟ್ಟುಕೊಟ್ಟರಲ್ಲ.

ನಮ್ಮವರು ಮನೆಗೆ ಬಂದು ಹಿತ್ತಲ ಬಾಗಿಲನ್ನು ಕೀಲಿನಿಂದ ಕಳಚಿದರು. ಅವರೇ ಕೊಯ್ದ ಹೊನ್ನೆಮರದ ಬಾಗಿಲು. ಅದನ್ನು ನಾಲ್ಕು ದಿಮ್ಮಿಯ ತುಂಡಿನ ಮೇಲೆ ಇಳಿಜಾರಾಗಿ ಇಟ್ಟುಕೊಟ್ಟರು. ಸುತ್ತ ಸೀರೆ ಕಟ್ಟಿದೆವು. ಯಾವಾಗಲೂ ನನ್ನ ಜೊತೆ ನೀರು ಹಿಡಿಯುತ್ತಿದ್ದವಳು ಆವತ್ತು ಬರಲಿಲ್ಲ. ನಾನೊಬ್ಬಳೇ. ಪರದೆಯ ಆಚೆ ಯೋಸೇಫ ತನ್ನ ಭಾಷೆಯಲ್ಲಿ ಓದುತ್ತಿದ್ದ. ಅವನ ಓದು ನಿಂತರೆ ನನ್ನ ಕೈ ನಿಲ್ಲುತ್ತಿತ್ತು, ಓದಿದರೆ ನಡೆಯುತ್ತಿತ್ತು. ಮೊಣಕೈ ಅದ್ದಿ ನೋಡಿ ನೀರು ಹಾಕಿದೆ. ಭಾರದ ಕಾಲನ್ನು ಎತ್ತಲು ಇನ್ನೊಬ್ಬರು ಬೇಕಿತ್ತು; ಮಡಿಲಿಗೆ ತೆಗೆದುಕೊಂಡು ತೊಳೆದೆ. ಅವರ ಬಟ್ಟೆ ತೊಡಿಸಿದೆ, ಹೊದಿಕೆ ಸುತ್ತಿದೆ. ಕೊನೆಗೆ ಹತ್ತಿರ ಬಾಗಿ, "ರಾಹೇಲಮ್ಮ, ತಪ್ಪಾಗಿದ್ದರೆ ಕ್ಷಮಿಸಿ, ಗೊತ್ತಾಗದೆ ಮಾಡಿದ್ದಿದ್ದರೂ ಕ್ಷಮಿಸಿ" ಎಂದು ಕೇಳಿದೆ.

ಮಣ್ಣಿಗೆ ಜಾಗ ಕೊಟ್ಟವರು ಕಂಪಲಾಪುರದ ಮಾದಪ್ಪನವರು. ಶಿವಭಕ್ತರು, ಡಿಪೋಗೆ ಗಾಡಿ ಹೊಡೆಯುತ್ತಿದ್ದರು, ಯೋಸೇಫನಿಗೆ ಬೇಕಾದವರು. ವಿಷಯ ಕೇಳಿ ನಮ್ಮ ಹಿತ್ತಲಿಗೇ ಬಂದರು. "ನಮ್ ಒಲ್ದಾಗೆ ನಮ್ಮವ್ವ ಅವ್ಳೆ, ನಮ್ಮಪ್ಪ ಅವ್ನೆ. ಒಂದ್ ಮೂಲೇಲಿ ಈ ತಾಯೀನೂ ಇರ್ಲಿ ಬುಡಿ. ನಾವು ಕೂರಿಸ್ತೀವಿ, ಇವ್ರು ಮಲಗಿಸ್ತಾರೆ. ಮಣ್ಗೇನು ಗೊತ್ತಾಗ್ತದಾ ಕಣವ್ವಾ?" ಎಂದರು. ಗುಂಡಿ ತೆಗೆಯಲು ನಮ್ಮ ಖಬರಸ್ಥಾನದ ಕಾಸಿಮಣ್ಣ ತಾನಾಗಿ ಹಾರೆ ತೆಗೆದುಕೊಂಡು ಬಂದ. ಮುತವಲ್ಲಿಗಳು ನೋಡಿಯೂ ನೋಡದ ಹಾಗಿದ್ದರು ಎಂದು ಕಾಣುತ್ತದೆ. ಮಧ್ಯಾಹ್ನ ಡಿಪೋದ ಲಾರಿಯಲ್ಲಿ ಹೊರಟರು. ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದೆ.

ಒಳಗೆ ಬಂದು ನನ್ನ ಗುಸ್ಲಿನ ಸಾಮಾನು ಮೂಟೆ ಕಟ್ಟಲು ಕೂತೆ. ಅದರಲ್ಲಿ ಯಾವಾಗಲೂ ಮೂರು ಬಟ್ಟೆಯ ಪಟ್ಟಿ ಹರಿದು ಇಟ್ಟಿರುತ್ತೇನೆ. ನಮ್ಮಲ್ಲಿ ಕಫನ್ ಸುತ್ತಿದ ಮೇಲೆ ಅದು ಬಿಚ್ಚದಿರಲೆಂದು ತಲೆಯ ಮೇಲೆ, ಸೊಂಟದಲ್ಲಿ, ಪಾದದ ಕೆಳಗೆ ಕಟ್ಟುತ್ತೇವೆ. ಗೋರಿಗೆ ಇಳಿಸಿದ ಮೇಲೆ ಬಿಚ್ಚುತ್ತಾರೆ. ಆ ಮೂರು ಪಟ್ಟಿಗಳು ಅಲ್ಲಿರಲಿಲ್ಲ.

ನನ್ನ ಕೈ ಅವನ್ನು ಹೊದಿಕೆಗೆ ಕಟ್ಟಿಬಿಟ್ಟಿತ್ತು. ನನ್ನನ್ನು ಕೇಳದೆ, ಅಷ್ಟು ವರ್ಷದ ಅಭ್ಯಾಸದಿಂದ, ಗಟ್ಟಿಯಾಗಿ, ಎರಡೆರಡು ಸಲ. ಬದುಕಿದ್ದಾಗ ಅವರು ಬೇಡ ಎಂದದ್ದು ಅದೊಂದೇ. ಲಾರಿ ಎಷ್ಟೋ ದೂರ ಹೋಗಿತ್ತು. ಬಾಗಿಲಿಲ್ಲದ ಹಿತ್ತಲಿನಲ್ಲಿ ಕೂತು ಸಂಜೆಯವರೆಗೆ ಎದ್ದೇಳಲಿಲ್ಲ.

ಮಾರನೆಯ ದಿನ ಖಬರಸ್ಥಾನದ ಗೇಟಿನ ಹತ್ತಿರ ಕಾಸಿಮಣ್ಣನನ್ನು ಕಂಡು ಕೇಳಿದೆ. ಅವನು ನನ್ನನ್ನು ಹುಚ್ಚಿಯ ಹಾಗೆ ನೋಡಿದ. "ಬಿಚ್ಚದೇನೇ ಮಣ್ ಎಳೀತೀನಾ ತಂಗಿ? ಕಾಲ್ದು ಬಿಚ್ದೆ, ಸೊಂಟದ್ದು ಬಿಚ್ದೆ. ತಲೆ ಕಡೆ ಮಗ ನಿಂತಿದ್ದ, ಅದು ಅವ್ನ್ ಕಡೆ. ನಾ ನೋಡ್ನಿಲ್ಲ."

ಎರಡು ಗಂಟು ಹೋಗಿ ಒಂದು ಉಳಿಯಿತು. ಯೋಸೇಫನಿಗೆ ನಮ್ಮ ಪದ್ಧತಿ ಏನು ಗೊತ್ತು? ಅವನ ಪದ್ಧತಿಯಲ್ಲಿ ಬಿಚ್ಚಲು ಗಂಟೇ ಇರುವುದಿಲ್ಲ.

ಅವರ ಕ್ರಮದಂತೆ ಅವನು ಏಳು ದಿನ ಮನೆಯೊಳಗೆ ನೆಲದ ಮೇಲೆ ಕೂತಿದ್ದ. ಸತ್ತವರಿಗಾಗಿ ಹೇಳುವ ಒಂದು ಪ್ರಾರ್ಥನೆಗೆ ಅವರಲ್ಲಿ ಹತ್ತು ಗಂಡಸರು ಬೇಕಂತೆ. ಒಬ್ಬನೇ ಇದ್ದ, ಅದು ಹಾಗೇ ಉಳಿಯಿತು. ದುಃಖದ ಮನೆಗೆ ಬೇಯಿಸಿದ ಮೊಟ್ಟೆ ಕೊಡುತ್ತಾರೆಂದು ರಾಹೇಲಮ್ಮ ಯಾವಾಗಲೋ ಹೇಳಿದ್ದರು. ದಿನಾ ಬೇಯಿಸಿ ತಟ್ಟೆಯಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಹೊಸ್ತಿಲಲ್ಲಿ ಇಟ್ಟು, ಕೇಳಬೇಕೆಂದು ನಿಂತು, ಕೇಳಲಾರದೆ ಬರುತ್ತಿದ್ದೆ. ಕೇಳಿದರೆ ನನ್ನ ತಪ್ಪು ಗೊತ್ತಾಗುತ್ತದೆ ಎಂಬುದಕ್ಕಲ್ಲ. ಗಂಟು ಹಾಗೇ ಉಳಿದಿದ್ದರೆ ಅದನ್ನು ತಲೆಯಲ್ಲಿ ಇಟ್ಟುಕೊಂಡು ಅವನು ಸಮುದ್ರ ದಾಟಬೇಕು. ಅಥವಾ ದಾಟದೆ ಇಲ್ಲೇ ಉಳಿಯಬೇಕು. ಕೇಳದಿದ್ದರೆ ನಾನು ಇಟ್ಟುಕೊಳ್ಳಬೇಕು. ಆರು ದಿನ ನಾನೇ ಇಟ್ಟುಕೊಂಡು ನೋಡಿದೆ. ಆಗಲಿಲ್ಲ.

ಏಳನೆಯ ದಿನ ಅವನು ಎದ್ದು ಬಾಗಿಲಿಗೆ ಬಂದ. ಗಡ್ಡ ಬೆಳೆದಿತ್ತು. ನಾನು ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹೇಳಿಬಿಟ್ಟೆ: ಅಮ್ಮ ಗಂಟು ಬೇಡ ಅಂದಿದ್ದರು, ನಾನು ಕಟ್ಟಿಬಿಟ್ಟೆ, ತಲೆಯ ಹತ್ತಿರದ್ದು ಏನಾಯಿತು?

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಗಂಟು ನೋಡಿ ನನಗೆ ಎದೆ ಒಡೆದ ಹಾಗಾಯ್ತು ಅಕ್ಕಾ. ಏನು ಮಾಡಬೇಕು ಅಂತ ತಿಳಿಲಿಲ್ಲ, ಸುಮ್ಮನೆ ನಿಂತುಬಿಟ್ಟೆ. ಆಮೇಲೆ ಕಾಸಿಮಣ್ಣ ಕಾಲಿನ ಹತ್ತಿರ ಬಗ್ಗಿ ಬಿಚ್ಚಿದರು. ಅವರು ಮಾಡಿದ್ದು ನೋಡಿ ನಾನೂ ಮಾಡಿದೆ."

ತಟ್ಟೆಯನ್ನು ಅವನ ಕೈಗೆ ಕೊಟ್ಟು ಮನೆಗೆ ಬಂದೆ. ನಮ್ಮವರು ಬಾಗಿಲನ್ನು ಕೀಲಿಗೆ ಹಾಕುತ್ತಿದ್ದರು, ಒಂದು ಕಡೆ ಹಿಡಿದುಕೋ ಎಂದರು. ಹಿಡಿದುಕೊಂಡೆ. ಬೇಲಿಯ ಮೇಲೆ ಕಾಗೆ ಇತ್ತೋ ಇಲ್ಲವೋ ನೋಡಲಿಲ್ಲ. ಆ ದಿನ ಎಣಿಸಲು ಎರಡು ಕೈಯ ಬೆರಳು ಸಾಲಲಿಲ್ಲ.

ತಿಂಗಳೊಳಗೆ ಯೋಸೇಫ ಹೊರಟ. ಆಮೇಲೆ ಶನಿವಾರಗಳು ಬಹಳ ಉದ್ದವಾದವು. ಬೆಳಿಗ್ಗೆ ಏಳುತ್ತಿದ್ದಂತೆ ಕಾಲು ಪಕ್ಕದ ಮನೆಯ ಕಡೆ ಹೋಗುತ್ತಿತ್ತು, ಬೀಗ ನೋಡಿ ತಿರುಗುತ್ತಿತ್ತು. ಅಲ್ಲಿ ಮತ್ತೆ ಯಾರು ಯಾರೋ ಬಂದರು, ಒಲೆ ತಾವೇ ಹೊತ್ತಿಸಿಕೊಳ್ಳುವವರು. ಬಡೀ ಬೀ ಹೋದರು, ಅವರಿಗೂ ನಾನೇ ನೀರು ಹಾಕಿದೆ, ಗೋಡೆ ಕಡೆ ತಿರುಗಿ ಅತ್ತೆ. ಕೆಲವು ವರ್ಷಗಳ ಮೇಲೆ ನಮ್ಮವರೂ ಹೋದರು. ಅವರನ್ನು ತೊಳೆದದ್ದು ಗಂಡಸರು.

ಇನ್ನು ಕೆಲಸದ ಮಾತು. ರಾಹೇಲಮ್ಮ ಹೋದ ಮೇಲೆ ನಾನು ಗಟ್ಟಿ ಗಂಟು ಕಟ್ಟಿಲ್ಲ. ತುದಿ ಹಿಡಿದು ಎಳೆದರೆ ತಾನೇ ಬಿಚ್ಚಿಕೊಳ್ಳುವ ಕುಣಿಕೆ ಹಾಕುತ್ತೇನೆ, ತುದಿಯನ್ನು ಕಾಣುವ ಹಾಗೆ ಮೇಲೆ ಬಿಡುತ್ತೇನೆ. ಕೆಳಗೆ ನಿಂತವನು ಏನೂ ತಿಳಿಯದವನಾದರೂ ಅವನ ಕೈಗೆ ಸಿಗಲಿ. ನೀವೂ ಹಾಗೇ ಕಟ್ಟಿ. ಮುಗಿದ ಮೇಲೆ ಹತ್ತಿರ ಬಾಗಿ ಕ್ಷಮೆ ಕೇಳಿ. ಪುಸ್ತಕದಲ್ಲಿ ಅದನ್ನು ಕೇಳಬೇಕೆಂದು ಬರೆದಿಲ್ಲ. ಕೇಳಬಾರದೆಂದೂ ಬರೆದಿಲ್ಲ.

ನನ್ನ ಸರದಿ ಬಂದಾಗ ನಿಮ್ಮಲ್ಲಿ ಯಾರೋ ಒಬ್ಬರು ಬರುತ್ತೀರಿ. ನಮ್ಮವರು ಕೊಯ್ದ ಬಾಗಿಲು ಗಟ್ಟಿಯಾಗಿದೆ, ಮಸೀದಿಯ ಹಲಗೆ ಸಿಗದಿದ್ದರೂ ಚಿಂತೆಯಿಲ್ಲ. ನೀರಿಗೆ ಮೊಣಕೈ ಅದ್ದಿ ನೋಡಿ. ಆಮೇಲೆ ಕ್ಷಮೆ ಕೇಳುವಾಗ ಹೆಸರು ಬೇಕಾಗುತ್ತದೆ. ಈ ಬೀದಿಯಲ್ಲಿ ಅದು ಗೊತ್ತಿರುವವರು ಈಗ ಯಾರೂ ಉಳಿದಿಲ್ಲ, ಆದ್ದರಿಂದ ಬರೆದಿಟ್ಟಿದ್ದೇನೆ.

ನನ್ನ ಹೆಸರು ಜೈನಬ್.